ಕಣ್ಣುಳ್ಳ ಕರೆಗಂಟೆ

ಮನೆಯ ಬಾಗಿಲ ಪಕ್ಕ ಕೂರಿಸುವ ಒಂದು ಸಣ್ಣ ಪೆಟ್ಟಿಗೆಯ ವಿಚಾರ ಇವತ್ತಿನ ಮಾತು. ನಿಮ್ಮಲ್ಲಿ ಕೆಲವರ ಮನೆಗೆ ಅದು ಆಗಲೇ ಬಂದಿರಬಹುದು. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ಹಾಕಿಸಿಕೊಟ್ಟಿರಬಹುದು. ನೋಡದವರಿಗಾಗಿ ಹೇಳುತ್ತೇನೆ. ಅಂಗೈಗಿಂತ ತುಸು ಉದ್ದ. ಮೂರು ಬೆರಳಿನಷ್ಟು ಅಗಲ. ಮೇಲ್ಗಡೆ ಬಟಾಣಿ ಗಾತ್ರದ ಗಾಜಿನ ಕಣ್ಣು. ಅದು ಕ್ಯಾಮೆರಾ. ಕೆಳಗಡೆ ದುಂಡನೆಯ ಗುಂಡಿ. ಪಕ್ಕದಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತು. ಅದು ಮೈಕು. ಗುಂಡಿ ಒತ್ತಿದರೆ ಸುತ್ತ ಬೆಳಕು ಹತ್ತಿಕೊಳ್ಳುತ್ತದೆ. ಒಳಗಿದ್ದವರ ಮೊಬೈಲು ಬಡಿದುಕೊಳ್ಳುತ್ತದೆ. ಪರದೆಯಲ್ಲಿ ಬಂದವರ ಮುಖ ಮೂಡುತ್ತದೆ. ಒಳಗಿಂದಲೇ ಮಾತಾಡಬಹುದು. ಹೊರಗಿನವರು ಉತ್ತರ ಕೊಡಬಹುದು. ಕರೆಂಟಿನ ವೈರು ಬೇಡ. ಒಳಗೊಂದು ಬ್ಯಾಟರಿ ಇದೆ. ಗೋಡೆಗೆ ಎರಡು ಸ್ಕ್ರೂ ಹಾಕಿದರೆ ಕೆಲಸ ಮುಗಿಯಿತು. ಅಂಗಡಿಯಲ್ಲಿ ವೀಡಿಯೊ ಡೋರ್ ಬೆಲ್ ಅಂದರೆ ಕೊಡುತ್ತಾರೆ.

ಮೈಸೂರಿನ ನಮ್ಮ ಮನೆಯಲ್ಲಿ ಇಂಥದೊಂದಿದೆ. ಅದರ ಜೊತೆ ಬದುಕಿ ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಬಾಗಿಲಿಗೆ ಬಂದವರನ್ನು ಮಾತಾಡಿಸಲು ಇದು ಬಹಳ ಒಳ್ಳೆಯ ಸಾಧನ. ಬೀದಿ ಕಾಯಲು, ಜನರ ಓಡಾಟದ ಲೆಕ್ಕ ಇಡಲು ಇದನ್ನು ಬಳಸಬಾರದು. ಅದು ಇದರ ಕೈಲಿ ಆಗುವ ಕೆಲಸವೂ ಅಲ್ಲ, ನಮಗೆ ಶೋಭಿಸುವ ಕೆಲಸವೂ ಅಲ್ಲ. ಯಾಕೆಂದು ವಿವರಿಸುತ್ತೇನೆ.

ಮೊದಲು ಇದರ ಉಪಕಾರ. ನಮ್ಮ ಅತ್ತೆಯವರಿಗೆ ಎಂಬತ್ತು ದಾಟಿದೆ. ಮಂಡಿನೋವು. ಹಿಂದಿನ ಕೋಣೆಯ ಮಂಚದಿಂದ ಏಳಬೇಕು. ಗೋಡೆ ಹಿಡಿದು ನಡುಮನೆ ದಾಟಬೇಕು. ಅಷ್ಟರಲ್ಲಿ ಬಂದವರು ಹೊರಟೇ ಹೋಗಿರುತ್ತಿದ್ದರು. ರಿಜಿಸ್ಟರ್ ಪೋಸ್ಟು ‘ಬಾಗಿಲು ಹಾಕಿದೆ’ ಎಂಬ ಷರಾ ಹೊತ್ತು ವಾಪಸು ಹೋಗುತ್ತಿತ್ತು. ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದು. ಬೆಲ್ಲಿನ ಸದ್ದಿಗೆ ಗಡಿಬಿಡಿಯಲ್ಲಿ ಎದ್ದು ಎಲ್ಲಿ ಬೀಳುತ್ತಾರೋ ಎಂದು. ಈಗ ಅವರು ಮಂಚದ ಮೇಲೆ ಕೂತೇ ಫೋನನ್ನು ಬಾಯಿಯ ಹತ್ತಿರ ಹಿಡಿಯುತ್ತಾರೆ. “ಬಂದೆ ಕಣಪ್ಪಾ, ಮಂಡಿನೋವು, ಸ್ವಲ್ಪ ನಿಲ್ಲು” ಎನ್ನುತ್ತಾರೆ. ಹೊರಗಿನಿಂದ “ನಿಧಾನಕ್ಕೆ ಬನ್ನಿ ಅಜ್ಜಿ, ನಿಂತಿರ್ತೀನಿ” ಎಂಬ ದನಿ ಬರುತ್ತದೆ. ಔಷಧಿ ತಂದ ಹುಡುಗನೂ ಕಾಯುತ್ತಾನೆ, ಪೋಸ್ಟಿನವರೂ ಕಾಯುತ್ತಾರೆ. ಒಳಗೆ ಮನುಷ್ಯರಿದ್ದಾರೆ, ಬರುತ್ತಿದ್ದಾರೆ ಎಂದು ಗೊತ್ತಾದರೆ ಯಾರಾದರೂ ಕಾಯುತ್ತಾರೆ.

ಇನ್ನು ಕೆಲವರು ಬರುತ್ತಾರೆ. ದುಡಿಯುವವರೆಲ್ಲ ಹೊರಗೆ ಹೋದ ಮೇಲೆ, ಬೆಳಗ್ಗೆ ಹನ್ನೊಂದರ ಹೊತ್ತಿಗೆ. “ಅಮ್ಮಾ, ಒಡವೆಗೆ ಪಾಲಿಶ್ ಹಾಕಿಕೊಡ್ತೀವಿ” ಎನ್ನುತ್ತಾರೆ. ಮೊದಲು ಹಿತ್ತಾಳೆ ದೀಪ ಬೆಳಗಿ ತೋರಿಸುತ್ತಾರೆ. ಆಮೇಲೆ ಕೊರಳಿನ ಸರ ಕೇಳುತ್ತಾರೆ. ಹೀಗೆ ಸರ ಕಳೆದುಕೊಂಡ ಹೆಂಗಸರ ಸುದ್ದಿ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಆ ಮೋಸಗಾರರಿಗೆ ಬೇಕಾದದ್ದು ಒಂದೇ. ಬಾಗಿಲು ತೆರೆಯಬೇಕು. ಚಿಲಕ ತೆಗೆಯದೆಯೇ “ಬೇಡಪ್ಪಾ, ಹೋಗಿ” ಎನ್ನಲು ಸಾಧ್ಯವಾದರೆ ಅರ್ಧ ಅಪಾಯ ಅಲ್ಲೇ ಕಳೆಯಿತು.

ಮನೆಯಲ್ಲಿ ಒಂಟಿಯಾಗಿರುವವರ ಈ ಅಳುಕು ಹೊಸದಲ್ಲ. ಬಾಗಿಲಿಗೆ ಕಣ್ಣು ಕೊಡುವ ಯೋಚನೆ ಹುಟ್ಟಿದ್ದೂ ಅದರಿಂದಲೇ. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ಕಪ್ಪು ಜನಾಂಗದ ನರ್ಸ್ ಇದ್ದರು. ಗಂಡ ಆಲ್ಬರ್ಟ್ ಬ್ರೌನ್ ಎಲೆಕ್ಟ್ರಾನಿಕ್ಸ್ ತಂತ್ರಜ್ಞ. ಇಬ್ಬರ ಕೆಲಸಕ್ಕೂ ಹೊತ್ತುಗೊತ್ತು ಇರಲಿಲ್ಲ. ರಾತ್ರಿ ಮೇರಿ ಒಬ್ಬರೇ ಮನೆಯಲ್ಲಿ ಇರಬೇಕಾಗುತ್ತಿತ್ತು. ಕರೆದರೆ ಪೊಲೀಸರು ಬೇಗ ಬರುವ ಕೇರಿಯೂ ಅದಾಗಿರಲಿಲ್ಲ. 1966ರಲ್ಲಿ ಈ ದಂಪತಿ ಒಂದು ಪೇಟೆಂಟಿಗೆ ಅರ್ಜಿ ಹಾಕಿದರು. 1969ರ ಡಿಸೆಂಬರಿನಲ್ಲಿ ಅದು ಸಿಕ್ಕಿತು.

ಅವರ ಏರ್ಪಾಡು ಹೀಗಿತ್ತು. ಬಾಗಿಲಿನಲ್ಲಿ ಬೇರೆ ಬೇರೆ ಎತ್ತರಕ್ಕೆ ಕಿಂಡಿಗಳು. ಬಂದವರು ಕುಳ್ಳಗಿರಲಿ, ಎತ್ತರವಿರಲಿ, ಕಾಣಬೇಕಲ್ಲ? ಒಳಗಡೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ. ಮಲಗುವ ಕೋಣೆಯಲ್ಲಿ ಒಂದು ಟೀವಿ. ಹೊರಗಿನವರ ಜೊತೆ ಮಾತಾಡಲು ಮೈಕು. ಗುರುತಿನವರಾದರೆ ಒಂದು ಸ್ವಿಚ್ಚಿನಿಂದ ಬಾಗಿಲು ತೆರೆಯಬಹುದು. ಅಪಾಯವಾದರೆ ಇನ್ನೊಂದು ಸ್ವಿಚ್ಚಿನಿಂದ ಸಹಾಯಕ್ಕೆ ಕೂಗಬಹುದು. ಇವತ್ತಿನ ಪೆಟ್ಟಿಗೆಯಲ್ಲಿ ಇರುವ ಮುಖ್ಯ ಗುಣಗಳೆಲ್ಲ ಆಗಲೇ ಅಲ್ಲಿದ್ದವು. ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಒಂದಿದೆ. ಆ ಕ್ಯಾಮೆರಾ ನೋಡುತ್ತಿದ್ದದ್ದು ತನ್ನ ಬಾಗಿಲಿಗೆ ಬಂದು ನಿಂತವರನ್ನು. ಒಬ್ಬ ಹೆಂಗಸು ಮಂಚದ ಮೇಲೆ ಕೂತು ‘ಯಾರು?’ ಎಂದು ಧೈರ್ಯವಾಗಿ ಕೇಳಲು ಮಾಡಿಕೊಂಡ ಏರ್ಪಾಡು ಅದು.

ಬ್ರೌನ್ ದಂಪತಿಯ ಕಾಲದಲ್ಲಿ ಇಲ್ಲದ್ದೊಂದು ನಮಗೆ ಸಿಕ್ಕಿದೆ. ಅದು ಲಿಥಿಯಂ ಅಯಾನ್ ಬ್ಯಾಟರಿ. ಅದು ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ನಮ್ಮ ಮೊಬೈಲಿನಲ್ಲೂ ಇರುವುದು ಅದೇ. ಈಗ ಒಂದು ಪ್ರಶ್ನೆ. ಮೊಬೈಲಿನ ಬ್ಯಾಟರಿ ಒಂದು ದಿನಕ್ಕೆ ಮುಗಿಯುತ್ತದೆ. ಹೆಚ್ಚು ಕಡಿಮೆ ಅಷ್ಟೇ ಶಕ್ತಿಯ ಬ್ಯಾಟರಿ ಈ ಬೆಲ್ಲಿನಲ್ಲಿ ತಿಂಗಳುಗಟ್ಟಲೆ ಹೇಗೆ ಬರುತ್ತದೆ?

ಉತ್ತರ ಸುಲಭ. ಬೆಲ್ಲು ಹೆಚ್ಚಿನ ಹೊತ್ತು ನಿದ್ದೆ ಮಾಡುತ್ತಿರುತ್ತದೆ. ಕ್ಯಾಮೆರಾ ಆರಿರುತ್ತದೆ. ಎಚ್ಚರವಾಗಿರುವುದು ಒಂದು ಪುಟ್ಟ ಸಂವೇದಕ ಮಾತ್ರ. ಬೆಚ್ಚಗಿನ ಮೈಯಿಂದ ಅವಗೆಂಪು ಕಿರಣಗಳು ಹೊಮ್ಮುತ್ತವೆ. ಅವು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಆ ಸಂವೇದಕಕ್ಕೆ ತಿಳಿಯುತ್ತವೆ. ಬಿಸಿಯುಳ್ಳ ಯಾವುದೋ ಒಂದು ಅಲುಗಾಡಿತು ಎಂದು ಗೊತ್ತಾದ ಕೂಡಲೇ ಅದು ಕ್ಯಾಮೆರಾವನ್ನು ಎಬ್ಬಿಸುತ್ತದೆ. ಕ್ಯಾಮೆರಾ ಎದ್ದು, ವೈಫೈ ಹಿಡಿದು, ಚಿತ್ರ ಕಳಿಸಿ, ಮತ್ತೆ ಮಲಗುತ್ತದೆ.

ಈ ನಿದ್ದೆಯೇ ಇದರ ಶಕ್ತಿ. ಇದರ ಮಿತಿಯೂ ಅದೇ. ಏಳಲು ಇದಕ್ಕೆ ಒಂದೆರಡು ಸೆಕೆಂಡು ಬೇಕು. ಅಷ್ಟರಲ್ಲಿ ಬಿರಬಿರನೆ ಹಾದುಹೋದವನ ಬೆನ್ನು ಮಾತ್ರ ಸಿಗಬಹುದು. ಕೆಲವು ಸಲ ಖಾಲಿ ಅಂಗಳವೇ ಸಿಗುತ್ತದೆ. ಹೊಸ ಮಾದರಿಗಳಲ್ಲಿ ಕೆಲವು ಹಿಂದಿನ ಮೂರು ನಾಲ್ಕು ಸೆಕೆಂಡನ್ನೂ ಹಿಡಿದಿಡುತ್ತವೆ. ಅದಕ್ಕೆ ಬ್ಯಾಟರಿ ಹೆಚ್ಚು ತೆರಬೇಕು. ಇನ್ನೊಂದು ತೊಡಕಿದೆ. ಅಡ್ಡಲಾಗಿ ನಡೆಯುವವರನ್ನು ಈ ಸಂವೇದಕ ಚೆನ್ನಾಗಿ ಗುರುತಿಸುತ್ತದೆ. ನೇರವಾಗಿ ಎದುರಿಗೆ ಬರುವವರನ್ನು ತಡವಾಗಿ ಗುರುತಿಸುತ್ತದೆ. ಬೇಸಿಗೆಯಲ್ಲಿ ಇನ್ನೂ ಕಷ್ಟ. ರಾಯಚೂರು, ಕಲಬುರಗಿಯ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಗೋಡೆ, ನೆಲ, ಮನುಷ್ಯನ ಮೈ, ಎಲ್ಲದರ ಬಿಸಿಯೂ ಹತ್ತಿರ ಹತ್ತಿರ ಬರುತ್ತದೆ. ಆಗ ಮನುಷ್ಯನನ್ನು ಬೇರೆಯಾಗಿ ಗುರುತಿಸುವುದು ಅದಕ್ಕೆ ಸುಲಭವಲ್ಲ. ಇತ್ತ ಬೀದಿನಾಯಿ ಹಾದರೂ ಏಳುತ್ತದೆ, ಹಸು ಹಾದರೂ ಏಳುತ್ತದೆ. ಇಂಜಿನ್ ಕಾದ ಆಟೊ ಬಂದು ನಿಂತರೂ ಏಳುತ್ತದೆ.

ಆದರೆ ಯಾರಾದರೂ ಗುಂಡಿ ಒತ್ತಿದರೆ? ಆಗ ಬಿಸಿಲು, ಬೆನ್ನು, ಅಡ್ಡ, ನೇರ ಎಂಬ ಗೊಂದಲವಿಲ್ಲ. ಬೆಲ್ಲು ಖಂಡಿತ ಏಳುತ್ತದೆ. ಕರೆಗಂಟೆಯಾಗಿ ಅದನ್ನು ನಂಬಬಹುದು. ಕಾವಲುಗಾರನಾಗಿ ನಂಬುವಂತಿಲ್ಲ. ಹಗಲೂ ರಾತ್ರಿ ಬಿಡದೆ ಚಿತ್ರೀಕರಣ ಬೇಕಾದವರು ವೈರಿನ ಸಿಸಿ ಕ್ಯಾಮೆರಾ ಹಾಕಿಸಬೇಕು. ಇದನ್ನು ಹಾಕಿಸಿದೆವು ಎಂದು ಹಿತ್ತಿಲ ಬಾಗಿಲಿನ ಅಗಳಿ ಮರೆಯಬೇಡಿ.

ಇಲ್ಲಿಯವರೆಗೆ ಇದು ಹೇಗೆ ಮಲಗಿ ಹೇಗೆ ಏಳುತ್ತದೆ ಎಂದು ನೋಡಿದೆವು. ಈಗ ಬ್ಯಾಟರಿಯ ವಿಷಯಕ್ಕೆ ಬರೋಣ. ಪೆಟ್ಟಿಗೆಯ ಮೇಲೆ ಕೆಲವು ಕಂಪನಿಗಳು ಆರು ತಿಂಗಳು ಬಾಳಿಕೆ ಎಂದು ಬರೆದಿರುತ್ತವೆ. ಓಡಾಟ ಕಡಿಮೆ ಇರುವ ಅಡ್ಡರಸ್ತೆಯ ಮನೆಯಲ್ಲಿ ಅದು ನಿಜವಾಗಬಹುದು. ಶಾಲೆಯ ಎದುರಿನ ಮನೆಯಲ್ಲಿ ಒಂದೆರಡು ತಿಂಗಳಿಗೇ ಚಾರ್ಜು ಮುಗಿಯಬಹುದು. ಪ್ರತಿ ಸಲ ಎದ್ದಾಗಲೂ ಖರ್ಚು. ರಾತ್ರಿಯಲ್ಲಿ ನೋಡಲು ತನ್ನದೇ ಅವಗೆಂಪು ದೀಪ ಹಚ್ಚಿಕೊಳ್ಳುವುದರಿಂದ ಇನ್ನಷ್ಟು ಖರ್ಚು. ಆಫೀಸಿನಲ್ಲಿ ಕೂತು, ಬೇಜಾರು ಕಳೆಯಲು, ಮೊಬೈಲಿನಲ್ಲಿ ಬೆಲ್ಲಿನ ಆ್ಯಪ್ ತೆರೆದು ಮನೆ ಮುಂದಿನ ಬೀದಿ ನೋಡುವ ಚಟ ಕೆಲವರಿಗಿದೆ. ಬ್ಯಾಟರಿಯನ್ನು ಬೇಗ ಕುಡಿದುಬಿಡುವುದು ಅದೇ.

ವೈಫೈ ದುರ್ಬಲವಾಗಿದ್ದರೂ ಹಾಗೆಯೇ. ನಮ್ಮ ಹಳೆಯ ಮನೆಗಳ ಗೋಡೆ ದಪ್ಪ. ಕರಾವಳಿಯ ಕಡೆ ಕೆಂಪುಕಲ್ಲಿನ ಗೋಡೆ. ವೈಫೈ ಕೊಡುವ ರೂಟರು ಮಹಡಿಯ ಕೋಣೆಯಲ್ಲಿದ್ದರೆ, ಬಾಗಿಲ ಹತ್ತಿರಕ್ಕೆ ಬರುವಷ್ಟರಲ್ಲಿ ಸಂಕೇತ ಸೊರಗಿರುತ್ತದೆ. ಬೆಲ್ಲು ಹೆಚ್ಚು ಹೆಣಗಬೇಕಾಗುತ್ತದೆ. ರೂಟರನ್ನು ನಡುಮನೆಗೆ ತನ್ನಿ. ಅದಕ್ಕೆ ಸಣ್ಣ ಯುಪಿಎಸ್ ಕೊಡಿಸಿ. ಕರೆಂಟು ಹೋದಾಗ ಬೆಲ್ಲಿಗೆ ಅದರದೇ ಬ್ಯಾಟರಿ ಇದೆ. ಆದರೆ ರೂಟರು ಆರಿದರೆ ನಿಮ್ಮ ಮೊಬೈಲಿಗೆ ಸುದ್ದಿ ಮುಟ್ಟಿಸುವವರು ಯಾರು? ಹಾಗಾಗಿ ಹಳೆಯ ಕಾಲಿಂಗ್ ಬೆಲ್ಲನ್ನು ಕಿತ್ತು ಹಾಕಬೇಡಿ. ಹೊಸದನ್ನು ಚಾರ್ಜಿಗೆ ಇಟ್ಟ ರಾತ್ರಿಯೂ ಅದು ಬೇಕಾಗುತ್ತದೆ.

ಬ್ಯಾಟರಿಗೆ ಬಿಸಿಲು ಶತ್ರು. ಪೋರ್ಟಿಕೋ ನೆರಳಿನಲ್ಲಿ ಕೂರಿಸಿ. ಬಿಸಿಲಲ್ಲಿ ಕಾದಿದ್ದನ್ನು ತಂದ ಕೂಡಲೇ ಚಾರ್ಜಿಗೆ ಚುಚ್ಚಬೇಡಿ. ಆರಲಿ. ಬ್ಯಾಟರಿ ಉಬ್ಬಿದ ಹಾಗೆ ಕಂಡರೆ ಬಳಕೆ ನಿಲ್ಲಿಸಿ. ಅದನ್ನು ಒಣಕಸದ ಜೊತೆ ಎಸೆಯಬೇಡಿ. ಕಸದ ಗಾಡಿಯಲ್ಲಿ ಒತ್ತಡಕ್ಕೆ ಸಿಕ್ಕಿ ಬೆಂಕಿ ಹತ್ತಬಹುದು. ಹಳೆಯ ಬ್ಯಾಟರಿ ವಾಪಸು ಪಡೆಯುವ ಹೊಣೆಯನ್ನು 2022ರ ಕೇಂದ್ರ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ. ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಕೊಡಿ.

ಬ್ಯಾಟರಿ ಉಳಿಸುವ ಎಲ್ಲಕ್ಕಿಂತ ಒಳ್ಳೆಯ ಉಪಾಯ ಈಗ ಹೇಳುತ್ತೇನೆ. ಅನೇಕ ಮಾದರಿಗಳಲ್ಲಿ ಆ್ಯಪ್ ತೆರೆದರೆ ಕ್ಯಾಮೆರಾ ಕಾಣುವ ದೃಶ್ಯದ ಮೇಲೆ ಒಂದು ಚೌಕಟ್ಟು ಎಳೆಯಲು ಅವಕಾಶವಿರುತ್ತದೆ. ಇಷ್ಟು ಜಾಗದಲ್ಲಿ ಅಲುಗಾಡಿದರೆ ಮಾತ್ರ ಏಳು, ಅದರಾಚೆ ಏನಾದರೂ ಆಗಲಿ ಮಲಗಿರು ಎಂದು ಅದಕ್ಕೆ ಹೇಳಿಕೊಡಬಹುದು. ಚೌಕಟ್ಟನ್ನು ಹೊಸ್ತಿಲು, ಮೆಟ್ಟಿಲು, ರಂಗೋಲಿಯ ಜಾಗ, ಇಷ್ಟಕ್ಕೆ ನಿಲ್ಲಿಸಿ. ಬೀದಿಯನ್ನು ಬಿಟ್ಟುಬಿಡಿ. ಬ್ಯಾಟರಿ ಹೆಚ್ಚು ದಿನ ಬರುತ್ತದೆ. ಜೊತೆಗೆ ಇನ್ನೊಂದು ಲಾಭ ತಾನಾಗಿ ಬರುತ್ತದೆ. ನಿಮಗೆ ಸಂಬಂಧವಿಲ್ಲದವರ ಓಡಾಟ ನಿಮ್ಮ ಫೋನಿಗೆ ಬರುವುದು ನಿಲ್ಲುತ್ತದೆ. ಚಾರ್ಜು ಉಳಿಯುವ ದಾರಿ, ನೆರೆಯವರ ಮರ್ಯಾದೆ ಉಳಿಯುವ ದಾರಿ, ಎರಡೂ ಒಂದೇ ಆಗಿರುವುದು ನಮ್ಮ ಪುಣ್ಯ.

ಕೂರಿಸುವ ಜಾಗದ ಬಗ್ಗೆ ಎರಡು ಮಾತು. ನೆಲದಿಂದ ನಾಲ್ಕು ಅಡಿ ಎತ್ತರ ಸಾಕು. ನಮ್ಮಲ್ಲಿ ಪೂರ್ವ ದಿಕ್ಕಿನ ಬಾಗಿಲು ಜಾಸ್ತಿ. ಹಾಲು, ಪೇಪರು, ಹೂವು ಬರುವ ಹೊತ್ತಿಗೆ ಸೂರ್ಯ ಬಂದವರ ಬೆನ್ನ ಹಿಂದೆ ಇರುತ್ತಾನೆ. ಮುಖ ಕಪ್ಪಗೆ ಕಾಣುತ್ತದೆ. ಪೆಟ್ಟಿಗೆಯ ಜೊತೆ ಬರುವ ಓರೆ ತಟ್ಟೆಯನ್ನು ಹಿಂದೆ ಇಟ್ಟು ಸ್ವಲ್ಪ ವಾಲಿಸಿದರೆ ಸರಿಹೋಗುತ್ತದೆ.

ಅಪಾರ್ಟ್‌ಮೆಂಟುಗಳಲ್ಲಿ ಇದಕ್ಕಿಂತ ಸೂಕ್ಷ್ಮ ವಿಷಯವಿದೆ. ಅಲ್ಲಿ ಬಾಗಿಲಿಗೆ ಬಾಗಿಲು ಎದುರು. ನಡುವೆ ಎಂಟು ಹತ್ತು ಅಡಿ. ಈ ಕ್ಯಾಮೆರಾದ ನೋಟ ಬಹಳ ಅಗಲ. ಎದುರುಮನೆಯವರು ಬಾಗಿಲು ತೆರೆದರೆ ಅವರ ನಡುಮನೆಯೇ ನಿಮ್ಮ ಫೋನಿನಲ್ಲಿ. ಬೆಳಗ್ಗೆ ಎದ್ದು, ತಲೆಗೂದಲು ಗಂಟು ಹಾಕಿಕೊಂಡು, ನೈಟಿಯಲ್ಲೇ ಹೊಸ್ತಿಲು ಸಾರಿಸಿ ರಂಗೋಲಿ ಎಳೆಯುವ ಆ ಮನೆಯಾಕೆ ಪ್ರತಿದಿನ ನಿಮ್ಮ ವೀಡಿಯೊ ಸಂಗ್ರಹದಲ್ಲಿ ಜಮಾ ಆಗುತ್ತಿರುತ್ತಾರೆ. ಆಕೆ ಅದಕ್ಕೆ ಒಪ್ಪಿದ್ದಾರೆಯೇ? ಯಾರೂ ಕೇಳಿರುವುದಿಲ್ಲ. ದೃಶ್ಯದ ಬೇಡವಾದ ಭಾಗವನ್ನು ಕಪ್ಪಾಗಿಸುವ ಸೌಕರ್ಯ ಅನೇಕ ಮಾದರಿಗಳಲ್ಲಿದೆ. ಬೆಲ್ಲು ಕೂರಿಸುವ ಮುಂಚೆ ಎದುರುಮನೆಗೆ ಹೋಗಿ. “ಹೀಗೊಂದು ಹಾಕಿಸ್ತಾ ಇದ್ದೀವಿ, ನಿಮ್ಮ ಬಾಗಿಲು ಕಾಣದ ಹಾಗೆ ಮಾಡಿದ್ದೀವಿ, ಬೇಕಾದರೆ ನೋಡಿ” ಎಂದು ಫೋನನ್ನು ಅವರ ಕೈಗೆ ಕೊಡಿ. ಎರಡು ನಿಮಿಷದ ಕೆಲಸ.

ಚಿತ್ರದ ಬಗ್ಗೆ ಹೇಳಿದೆ. ದನಿಯ ಬಗ್ಗೆಯೂ ಹೇಳಬೇಕು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ 2021ರಲ್ಲಿ ಒಂದು ತೀರ್ಪು ಬಂತು. ಮನೆಯೊಂದರ ಬೆಲ್ಲು ಮತ್ತು ಕ್ಯಾಮೆರಾಗಳ ಮೇಲೆ ನೆರೆಮನೆಯ ಮಹಿಳೆ ದೂರು ಕೊಟ್ಟಿದ್ದರು. ನ್ಯಾಯಾಲಯ ಆಕೆಯ ಪರ ನಿಂತಿತು. ಚಿತ್ರಕ್ಕಿಂತ ದನಿ ಹಿಡಿಯುವುದು ಹೆಚ್ಚು ಆಕ್ಷೇಪಾರ್ಹ ಎಂದು ಹೇಳಿತು. ಯೋಚಿಸಿದರೆ ಸರಿಯೇ. ಕ್ಯಾಮೆರಾದ ಮುಂದೆ ಬಾರದವರ ಮಾತೂ ಮೈಕಿಗೆ ಬೀಳುತ್ತದೆ. ಮೆಟ್ಟಿಲ ಹತ್ತಿರ ನಿಂತು ಮನೆಯ ಕಷ್ಟ ಹೇಳಿಕೊಳ್ಳುವ ಇಬ್ಬರ ಮಾತು ನಮಗೆ ಯಾಕೆ ಬೇಕು? ಬೆಲ್ಲು ಒತ್ತಿದಾಗ ಮಾತಾಡಲು ಮೈಕು ಸಾಕು. ದನಿಯನ್ನು ಮುದ್ರಿಸಿ ಇಡುವ ಏರ್ಪಾಡನ್ನು ನಿಲ್ಲಿಸಿಬಿಡಿ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ? 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗೆ ಕಾಯ್ದೆಯಾಯಿತು. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತಕ್ಕೆ, ಮನೆಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ಅಂದರೆ ಬಾಗಿಲ ಬೆಲ್ಲಿನ ಮಟ್ಟಿಗೆ ಬಹುಪಾಲು ನಮ್ಮ ನಮ್ಮ ವಿವೇಕಕ್ಕೇ ಬಿಟ್ಟದ್ದು. ಇಲ್ಲಿ ನಮ್ಮವರೇ ಆದ ಹಿರಿಯರೊಬ್ಬರನ್ನು ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ವಯಸ್ಸು ಎಂಬತ್ತೈದು ದಾಟಿತ್ತು. ಅವರ ಹೆಸರಿನ ಆ ಪ್ರಕರಣದಲ್ಲೇ, 2017ರ ಆಗಸ್ಟಿನಲ್ಲಿ, ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಹಕ್ಕನ್ನು ಪುಟ್ಟಸ್ವಾಮಿಯವರು ಸರ್ಕಾರದ ಎದುರು ನಿಂತು ಕೇಳಿ ಪಡೆದರು. ಪಕ್ಕದ ಮನೆಯವರು ನಮ್ಮ ಎದುರು ಬಂದು ಕೇಳುವ ತನಕ ನಾವು ಕಾಯಬಾರದು.

ನೆರೆಯವರ ಮಾತಾಯಿತು. ನಮ್ಮ ಖಾಸಗಿತನವೂ ಇದರಲ್ಲಿ ಸೇರಿದೆ. ಚಿತ್ರ ಎಲ್ಲಿ ಹೋಗಿ ಕೂರುತ್ತದೆ ಎಂದು ಕೊಳ್ಳುವಾಗಲೇ ಕೇಳಿ. ಕೆಲವು ಬೆಲ್ಲುಗಳು ಮನೆಯೊಳಗಿನ ಮೆಮೊರಿ ಕಾರ್ಡಿನಲ್ಲಿ ಇಡುತ್ತವೆ. ಕೆಲವು ಕಂಪನಿಯ ಕಂಪ್ಯೂಟರಿಗೆ ಕಳಿಸುತ್ತವೆ. ಅದಕ್ಕೆ ತಿಂಗಳ ಚಂದಾ ಬೇರೆ. ಅಮೆರಿಕದಲ್ಲಿ ರಿಂಗ್ ಎಂಬ ಹೆಸರಾಂತ ಕಂಪನಿಯ ಮೇಲೆ 2023ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತು. ಗ್ರಾಹಕರ ಖಾಸಗಿ ವೀಡಿಯೊಗಳನ್ನು ಸಿಬ್ಬಂದಿ ನೋಡಲು ಬಿಟ್ಟಿತ್ತು ಎಂಬುದು ಆರೋಪ. 60 ಲಕ್ಷ ಡಾಲರಿನ ಹತ್ತಿರದ ಮೊತ್ತ ಕೊಟ್ಟು ಕಂಪನಿ ರಾಜಿಯಾಯಿತು. ಆದ್ದರಿಂದ ಪಾಸ್‌ವರ್ಡ್ ಗಟ್ಟಿಯಾಗಿರಲಿ. ಒಟಿಪಿ ಇಲ್ಲದೆ ಯಾರೂ ಒಳಹೊಗದಂತೆ ಮಾಡಿಕೊಳ್ಳಿ. ಹಳೆಯ ವೀಡಿಯೊ ವಾರಕ್ಕೊಮ್ಮೆ ತಾನಾಗಿ ಅಳಿಯಲಿ.

ಇನ್ನು ಮನೆಗೆಲಸಕ್ಕೆ ಬರುವವರು. ಅವರ ಬಗ್ಗೆ ಯಾರೂ ಯೋಚಿಸುವುದಿಲ್ಲ. ನಮ್ಮ ಮನೆಗೆ ಬೆಳಗ್ಗೆ ಬರುವಾಕೆ ಬೆಲ್ಲು ಕೂರಿಸಿದ ಹೊಸದರಲ್ಲಿ ಗುಂಡಿ ಒತ್ತುವ ಮೊದಲು ಒಂದು ಕ್ಷಣ ನಿಲ್ಲುತ್ತಿದ್ದಳು. ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಮುಖ ಪಕ್ಕಕ್ಕೆ ತಿರುಗಿಸಿ ಕೈ ಮಾತ್ರ ಚಾಚಿ ಒತ್ತುತ್ತಿದ್ದಳು. ಕೊನೆಗೆ ಒಂದು ದಿನ ಕೇಳಿದಳು, “ಅಕ್ಕಾ, ಅದು ಯಾವಾಗಲೂ ನನ್ನ ನೋಡ್ತಾನೇ ಇರ್ತದಾ?” ಫೋನು ಕೊಟ್ಟು ತೋರಿಸಿದೆ. ಯಾವಾಗ ಏಳುತ್ತದೆ, ಎಷ್ಟು ಹೊತ್ತು ನೋಡುತ್ತದೆ, ಯಾವಾಗ ಅಳಿಸಿಹೋಗುತ್ತದೆ ಎಂದು ಹೇಳಿದೆ. “ಹಂಗಾದ್ರೆ ಪರವಾಗಿಲ್ಲ ಬಿಡಿ” ಎಂದಳು. ಈಗ ನೇರ ಮುಖ ಮಾಡಿ ಬೆಲ್ಲು ಒತ್ತುತ್ತಾಳೆ. ಆರೂವರೆಗೆ ಬಂದಳೋ ಆರೂ ಮುಕ್ಕಾಲಿಗೆ ಬಂದಳೋ ಎಂದು ಬೆಲ್ಲಿನಲ್ಲಿ ನೋಡಿ ಸಂಬಳದ ಮಾತೆತ್ತುವವರನ್ನು ನಾನು ಬಲ್ಲೆ. ಅದು ತಪ್ಪು. ಬಾಗಿಲ ಗಂಟೆ ಹಾಜರಿ ಪುಸ್ತಕವಲ್ಲ.

ಕೊನೆಯದಾಗಿ, ದೂರದಲ್ಲಿದ್ದು ಅಪ್ಪ ಅಮ್ಮನಿಗೆ ಇದನ್ನು ಹಾಕಿಸಿಕೊಟ್ಟ ಮಕ್ಕಳಿಗೆ ಒಂದು ವಿನಂತಿ. ನಿಮ್ಮ ಕಾಳಜಿ ದೊಡ್ಡದು. ಆದರೆ ಎಷ್ಟೋ ಮನೆಗಳಲ್ಲಿ ಆ್ಯಪ್ ಇರುವುದು ಮಗನ ಫೋನಿನಲ್ಲಿ ಮಾತ್ರ. ಅಪ್ಪ ವಾಕಿಂಗಿಗೆ ಹೊರಟರೆ ಕ್ಯಾಲಿಫೋರ್ನಿಯಾದಲ್ಲಿ ಸೂಚನೆ. ಅಮ್ಮ ಭಜನೆ ಮುಗಿಸಿ ತಡವಾಗಿ ಬಂದರೆ “ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ?” ಎಂಬ ಫೋನು. ಜೀವನವೆಲ್ಲ ಯಾರಿಗೂ ಲೆಕ್ಕ ಒಪ್ಪಿಸದೆ ಬಾಳಿದವರು ಈಗ ತಮ್ಮ ಹೊಸ್ತಿಲು ದಾಟಲು ಹಿಂಜರಿಯುವಂತೆ ಮಾಡಬೇಡಿ. ಮುಂದಿನ ಸಲ ಊರಿಗೆ ಬಂದಾಗ ಅವರ ಫೋನಿಗೆ ಆ್ಯಪ್ ಹಾಕಿಕೊಡಿ. ಅಕ್ಷರ ದೊಡ್ಡದು ಮಾಡಿ. ಯಾವ ಗುಂಡಿ ಒತ್ತಿದರೆ ಮಾತಾಡಬಹುದು ಎಂದು ಪಕ್ಕದಲ್ಲಿ ಕೂತು ಕಲಿಸಿ. ನಿಮ್ಮ ಫೋನಿನಲ್ಲಿ ಓಡಾಟದ ಸೂಚನೆಯನ್ನು ನಿಲ್ಲಿಸಿ. ಯಾರಾದರೂ ಬೆಲ್ಲು ಒತ್ತಿದ ಸೂಚನೆ ಸಾಕು, ಅದನ್ನೂ ಅವರನ್ನು ಕೇಳಿಯೇ ಇಟ್ಟುಕೊಳ್ಳಿ. ಅವರು ಹೇಗಿದ್ದಾರೆ ಎಂದು ತಿಳಿಯಬೇಕೆನ್ನಿಸಿದಾಗ ಅವರಿಗೇ ಫೋನು ಮಾಡಿ ಕೇಳಿ.